ಪಾಸ್‌ವರ್ಡ್ ನಮ್ಮದು, ಚೀಟಿ ಅಂಗಡಿಯವರದು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯ ಅಭಿಪ್ರಾಯ)

ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದ ಕೂಡಲೇ ನಮ್ಮ ಕಾಲೇಜು ಕಚೇರಿಯ ಕಿಟಕಿ ಮುಂದೆ ಪ್ರತಿ ವರ್ಷ ಕೇಳಿಬರುವ ಮಾತು ಒಂದೇ: "ಸರ್, ಪಾಸ್‌ವರ್ಡ್ ನಮ್ಮ ಹತ್ರ ಇಲ್ರಿ, ಕಂಪ್ಯೂಟರ್ ಅಂಗಡ್ಯಾಗ ಐತ್ರಿ." ಕಚೇರಿಯವರು ತಲೆ ಚಚ್ಚಿಕೊಳ್ಳುತ್ತಾರೆ, ಸಾಲಿನಲ್ಲಿ ನಿಂತವರು ನಗುತ್ತಾರೆ. ನನಗೆ ಇದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ನಮ್ಮ ಹೆಸರಿನ ಖಾತೆಯ ಕೀಲಿ ನಮ್ಮ ಕೈಯಲ್ಲೇ ಇರಬೇಕು. ಅದನ್ನು ಜೋಪಾನವಾಗಿ ಇಡಲು ಪಾಸ್‌ವರ್ಡ್ ಮ್ಯಾನೇಜರ್ ಎಂಬ ಸಾಧನ ಪುಕ್ಕಟೆ ಸಿಗುತ್ತದೆ. ಅದನ್ನು ಬಳಸುವುದನ್ನು ಕಾಲೇಜೇ ನಮಗೆ ಕಲಿಸಬೇಕು. ಇಷ್ಟು ನನ್ನ ವಾದ.

ಪಿಯುಸಿಗೆ ಸೇರಿದ ಹೊಸತರಲ್ಲಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಎಸ್‌ಪಿಯಲ್ಲಿ, ನಮ್ಮಲ್ಲಿ ಹೆಚ್ಚಿನವರ ಖಾತೆ ತೆರೆದವರು ಬಸ್ ನಿಲ್ದಾಣದ ಆಸುಪಾಸಿನ ಅಂಗಡಿಯವರು. ನಾವು ಆಧಾರ್ ಕಾರ್ಡು, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೊಟ್ಟು ಸ್ಟೂಲಿನ ಮೇಲೆ ಕೂತಿದ್ದೆವು. ಅವರು ಟಕಟಕ ಒತ್ತಿದರು. ಪಾಸ್‌ವರ್ಡ್ ಅವರೇ ಇಟ್ಟರು, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ, ನಮ್ಮ ಹೆಸರಿನ ಮುಂದೆ ಒಂದು ಗುರುತು ಮತ್ತು 123. ಅದನ್ನು ಒಂದು ಚೀಟಿಯಲ್ಲಿ ಬರೆದು ತಮ್ಮದೇ ಡಬ್ಬಿಯಲ್ಲಿ ಹಾಕಿಕೊಂಡರು. "ನೀವೇನ್ ಚಿಂತಿ ಮಾಡಬ್ಯಾಡ್ರಿ, ನಮ್ಮ ಹತ್ರ ಇರ್ತೈತಿ" ಅಂದರು. ಅವರಲ್ಲಿ ಹಲವರು ಒಳ್ಳೆಯವರೇ ಎಂದು ನಾನು ಒಪ್ಪುತ್ತೇನೆ. ಸರ್ವರ್ ನಿಧಾನ ಇದ್ದಾಗ ರಾತ್ರಿ ಹತ್ತರವರೆಗೆ ಕೂತು ನಮ್ಮ ಅರ್ಜಿ ಕಳಿಸಿದವರೂ ಇದ್ದಾರೆ.

ಆದರೆ ಮುರಗೋಡ ಕಡೆಯಿಂದ ಬರುವ ನನ್ನ ಗೆಳತಿಗೆ ಆದದ್ದು ಕೇಳಿ. ಅವಳ ತಂದೆಯ ಹಳೆಯ ಕೀಪ್ಯಾಡ್ ಫೋನಿಗೆ ಕರೆನ್ಸಿ ಇರಲಿಲ್ಲ ಎಂದು ಅಂಗಡಿಯ ಹುಡುಗ ತನ್ನದೇ ನಂಬರು ಹಾಕಿ ಖಾತೆ ತೆರೆದಿದ್ದ. ಮರುವರ್ಷ ಆ ಹುಡುಗ ಪುಣೆಗೆ ದುಡಿಯಲು ಹೋಗಿದ್ದ, ನಂಬರು ಬಂದ್. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಹೊಸದು ಮಾಡಬೇಕೆಂದರೆ ಒಟಿಪಿ ಹೋಗುವುದು ಬಂದ್ ಆದ ಆ ಸಿಮ್ಮಿಗೆ. ಅವಳಿಗೇನೋ ಬಸ್ಸು ಶಕ್ತಿ ಯೋಜನೆಯಲ್ಲಿ ಪುಕ್ಕಟೆ. ಅವಳ ತಂದೆಗೆ ಟಿಕೆಟ್ಟೂ ಬೇಕು, ಬಂದ ದಿನದ ಕೂಲಿಯೂ ಹೋಯಿತು. ನಂಬರು ಬದಲಾಗುವ ಹೊತ್ತಿಗೆ ಅರ್ಜಿಯ ಕೊನೆಯ ದಿನಾಂಕ ದಾಟಿತ್ತು. ಯಾರೂ ಕದಿಯಲಿಲ್ಲ, ಯಾರೂ ಮೋಸ ಮಾಡಲಿಲ್ಲ, ಆದರೂ ಅವಳ ಒಂದು ವರ್ಷದ ವಿದ್ಯಾರ್ಥಿವೇತನ ಹೋಯಿತು.

ಮೋಸ ಮಾಡುವವರು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಒಂದಿದೆ, ಆದರೆ ಅದು ನಮ್ಮಂಥವರದೇ ಕಥೆ. 2020ರಲ್ಲಿ ಜಾರ್ಖಂಡ್‌ನಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಕೇಂದ್ರ ವಿದ್ಯಾರ್ಥಿವೇತನದ ಹಣವನ್ನು ಮಧ್ಯವರ್ತಿಗಳು, ಬ್ಯಾಂಕ್ ಪ್ರತಿನಿಧಿಗಳು ಮತ್ತು ಕೆಲವು ಶಾಲೆಯವರು ಸೇರಿ ತಿನ್ನುತ್ತಿದ್ದದ್ದನ್ನು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಬಯಲಿಗೆ ತಂದಿತು. ಬಡವರ ಮನೆಗೆ ಹೋಗಿ ಆಧಾರ್ ನಂಬರು, ಹೆಬ್ಬೆಟ್ಟಿನ ಗುರುತು ಪಡೆದು, ಪೂರ್ತಿ ಹಣ ತಾವು ತೆಗೆದು ಚಿಲ್ಲರೆ ಅವರ ಕೈಗೆ ಇಟ್ಟಿದ್ದರು. ಮುಂದೆ 2023ರಲ್ಲಿ ಕೇಂದ್ರ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ದೇಶದಲ್ಲಿ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಡೆಯದೇ ಇರುವಂಥವು ಎಂದು ಕಂಡಿತು. ನಷ್ಟದ ಅಂದಾಜು 144.83 ಕೋಟಿ ರೂಪಾಯಿ, ತನಿಖೆ ಸಿಬಿಐಗೆ ಹೋಯಿತು. ನಿಜವಾದ ಮಕ್ಕಳಿಗೆ ಮೀಸಲಾದ ಹಣ ಅದು.

ನಮ್ಮ ಎಸ್‌ಎಸ್‌ಪಿಯಲ್ಲಿ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೇ ನೇರ ಬರುತ್ತದೆ, ಬರೀ ಪಾಸ್‌ವರ್ಡ್ ಸಿಕ್ಕರೆ ಯಾರೂ ಹಣ ತೆಗೆಯಲಾರರು ಎಂದು ನಮ್ಮ ಲ್ಯಾಬ್ ಸರ್ ಹೇಳಿದರು. ಸರಿ. ಆದರೆ ಅದೇ ಖಾತೆಯಲ್ಲಿ ನನ್ನ ಆದಾಯ, ಜಾತಿ, ವಿಳಾಸ, ಅಂಕ, ಫೋನ್ ನಂಬರು ಎಲ್ಲ ಇದೆ. ಅದೇ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ಯಂತ್ರವೂ ಇದೆ. ಅಕೌಂಟೆನ್ಸಿಯಲ್ಲಿ ನಮಗೆ ಆಂತರಿಕ ತಪಾಸಣೆ ಎಂದು ಹೇಳಿಕೊಡುತ್ತಾರಲ್ಲ, ನಗದು ಪಡೆಯುವವನೇ ನಗದು ಪುಸ್ತಕ ಬರೆಯಬಾರದು ಎಂದು? ಕ್ಯಾಶಿಯರ್ ಕಳ್ಳ ಎಂದು ಆ ನಿಯಮ ಮಾಡಿಲ್ಲ. ಕ್ಯಾಶಿಯರ್ ಎಷ್ಟೇ ಸಂಭಾವಿತನಾದರೂ ಎರಡೂ ಕೆಲಸ ಒಬ್ಬನಿಗೆ ಕೊಡಬಾರದು ಎಂಬುದು ನಿಯಮ. ಅರ್ಜಿ ತುಂಬುವವನು, ಪಾಸ್‌ವರ್ಡ್ ಇಟ್ಟುಕೊಳ್ಳುವವನು, ಹಣ ತೆಗೆದು ಕೊಡುವವನು ಮೂವರೂ ಒಬ್ಬನೇ ಆದರೆ, ಪರೀಕ್ಷೆಯಲ್ಲಿ ಇದನ್ನು ತಪ್ಪು ಎಂದು ಬರೆದು ಅಂಕ ಗಳಿಸುವ ನಾವೇ, ನಮ್ಮ ಸ್ವಂತ ಲೆಕ್ಕದಲ್ಲಿ ಒಪ್ಪಿಕೊಂಡಂತೆ ಆಗುತ್ತದೆ.

ಹೆಬ್ಬೆಟ್ಟಿನ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳುತ್ತೇನೆ. 2023ರಲ್ಲಿ ಮಂಗಳೂರು ಭಾಗದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಬ್ಯಾಂಕ್ ಖಾತೆಯಿಂದ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಮಾಯವಾಯಿತು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚಿನ ನಕಲು ಮಾಡಿ ಕದ್ದಿದ್ದರು. ಬೆರಳು ಒಮ್ಮೆ ಕಳುವಾದರೆ ಹೊಸ ಬೆರಳು ತರಲು ಆಗುವುದಿಲ್ಲ, ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಡುವುದೇ ದಾರಿ. ಪಾಸ್‌ವರ್ಡ್‌ನ ಚಂದ ಏನೆಂದರೆ ಅದನ್ನು ಇವತ್ತೇ ಬದಲಿಸಬಹುದು. ಬದಲಿಸಲು ಬರುವ ಒಂದೇ ಒಂದು ಕೀಲಿಯನ್ನೂ ನಾವು ಅಂಗಡಿಯ ಡಬ್ಬಿಯಲ್ಲಿ ಬಿಟ್ಟು ಬಂದಿದ್ದೇವೆ.

ಇನ್ನು ನಾವೇ ಸ್ವಂತ ಇಟ್ಟ ಪಾಸ್‌ವರ್ಡ್‌ಗಳ ಕಥೆ. ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ನಮ್ಮ ಮನೆಗಳಲ್ಲಿ ಹೆಸರು ಬರೆದು ಮುಂದೆ 786 ಹಾಕುತ್ತಾರೆ. ಬೇರೆ ಮನೆಗಳಲ್ಲಿ ದೇವರ ಹೆಸರು ಮತ್ತು 108. ಗಾಡಿ ಇದ್ದವರು ಕೆಎ 24 ಎಂದು ಶುರು ಮಾಡಿ ಗಾಡಿಯ ನಂಬರು. ಉಳಿದವರು ಹುಟ್ಟಿದ ವರ್ಷ. 786ರಿಂದ ಬರಕತ್ ಸಿಗುತ್ತದೆ ಎಂದು ನಂಬುವವರು ನಂಬಲಿ, ಭದ್ರತೆಯಂತೂ ಸಿಗುವುದಿಲ್ಲ. ನಮ್ಮ ಹೆಸರು ನೋಡಿದವನು ಮೊದಲು ಒತ್ತಿ ನೋಡುವ ಮೂರು ಅಂಕಿ ಅವೇ. ಇದು ಯರಗಟ್ಟಿಯವರ ದಡ್ಡತನ ಎಂದುಕೊಳ್ಳಬೇಡಿ. 2009ರಲ್ಲಿ ರಾಕ್‌ಯು ಎಂಬ ಅಮೆರಿಕದ ಕಂಪನಿಯಿಂದ ಸುಮಾರು 3 ಕೋಟಿ 20 ಲಕ್ಷ ಪಾಸ್‌ವರ್ಡ್ ಸೋರಿದಾಗ ಎಲ್ಲಕ್ಕಿಂತ ಹೆಚ್ಚು ಜನ ಇಟ್ಟಿದ್ದ ಪಾಸ್‌ವರ್ಡ್ 123456.

ಇದಕ್ಕಿಂತ ದೊಡ್ಡ ಅಪಾಯ ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಇಡುವುದು. 2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಂಪನಿಯ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿತು. ಅದರಲ್ಲಿ ಪಾಸ್‌ವರ್ಡ್ ನೇರವಾಗಿ ಇರಲಿಲ್ಲ, ಪುಡಿ ಮಾಡಿದ ರೂಪದಲ್ಲಿ ಇತ್ತು. ಈ ಪುಡಿ ಎಂದರೇನು ಎಂದು ನನಗೆ ಅರ್ಥವಾಗಲು ಗಿರಣಿಯನ್ನೇ ನೆನೆಯಬೇಕಾಯಿತು. ಮೆಣಸಿನಪುಡಿಯಿಂದ ತಿರುಗಿ ಮೆಣಸಿನಕಾಯಿ ಬರುವುದಿಲ್ಲ. ಹಾಗೆಯೇ ಪುಡಿಯಿಂದ ಪಾಸ್‌ವರ್ಡ್ ತಿರುಗಿ ಬರುವುದಿಲ್ಲ. ಆದರೆ ಕಳ್ಳ ತನಗೆ ಗೊತ್ತಿರುವ ಪದಗಳನ್ನೆಲ್ಲ ಅದೇ ಗಿರಣಿಗೆ ಹಾಕಿ ಬೀಸುತ್ತಾನೆ, ಪುಡಿಗೆ ಪುಡಿ ಹೊಂದಿದರೆ ಪದ ಸಿಕ್ಕಿತು. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡ್‌ಗಳು ಒಟ್ಟು ಸುಮಾರು 20,900 ಕೋಟಿ ಬಗೆ ಆಗುತ್ತವೆ. 26ನ್ನು ಎಂಟು ಸಲ ಗುಣಿಸಿ ನೋಡಿ. ಕೇಳಲು ಬಹಳ. ಹಳೆಯ ಬಗೆಯ ಗಿರಣಿಯಾದರೆ ಒಂದು ಒಳ್ಳೆಯ ಕಂಪ್ಯೂಟರ್ ಅಷ್ಟನ್ನೂ ಕೆಲವೇ ನಿಮಿಷದಲ್ಲಿ ಬೀಸುತ್ತದೆ. ತರಕಾರಿ ತರಿಸುವ ಆ್ಯಪ್‌ನ ಪಾಸ್‌ವರ್ಡ್ ಹೀಗೆ ಸಿಕ್ಕರೆ ಕಳ್ಳ ಅದನ್ನೇ ಈಮೇಲ್‌ಗೆ ಹಾಕಿ ನೋಡುತ್ತಾನೆ. ಈಮೇಲ್ ತೆರೆಯಿತು ಎಂದರೆ ಉಳಿದದ್ದನ್ನೆಲ್ಲ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿಯೇ ತೆಗೆಯಬಹುದು.

ಹಾಗಾದರೆ ಪ್ರತಿಯೊಂದಕ್ಕೂ ಬೇರೆ ಬೇರೆ, ಉದ್ದ ಮತ್ತು ಅರ್ಥವಿಲ್ಲದ ಪಾಸ್‌ವರ್ಡ್ ಬೇಕು. ಅಷ್ಟನ್ನು ನೆನಪಿಡುವುದು ಮನುಷ್ಯರಿಂದ ಆಗದ ಕೆಲಸ. ಪಾಸ್‌ವರ್ಡ್ ಬಳಕೆಯನ್ನು 1960ರ ದಶಕದ ಮೊದಲಿಗೆ ಎಂಐಟಿಯ ಕಂಪ್ಯೂಟರಿಗೆ ತಂದ ಫರ್ನಾಂಡೊ ಕಾರ್ಬಟೊ ಅವರೇ ಮುಪ್ಪಿನಲ್ಲಿ ತಮ್ಮ ಪಾಸ್‌ವರ್ಡ್‌ಗಳನ್ನು ಹಾಳೆಗಳಲ್ಲಿ ಬರೆದಿಟ್ಟುಕೊಂಡಿದ್ದರಂತೆ. ಆ ಕಂಪ್ಯೂಟರಿನಲ್ಲೂ ಕಳ್ಳತನ ಆಗಿತ್ತು, ಕದ್ದವನು ಒಬ್ಬ ವಿದ್ಯಾರ್ಥಿ. ವಾರಕ್ಕೆ ನಾಲ್ಕೇ ಗಂಟೆ ಕೊಟ್ಟಿದ್ದು ಸಾಲಲಿಲ್ಲ ಎಂದು 1962ರಲ್ಲಿ ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಪ್ರಿಂಟ್ ತೆಗೆಸಿದ್ದ. ನಮ್ಮ ಲ್ಯಾಬಿನಲ್ಲೂ ಅಂಥವರು ಇದ್ದಾರೆ, ಹೆಸರು ಬೇಡ. ದೊಡ್ಡಕ್ಷರ, ಅಂಕಿ, ಚಿಹ್ನೆ ಹಾಕಿ, ಆಗಾಗ ಬದಲಿಸಿ ಎಂಬ ಉಪದೇಶಕ್ಕೂ ಒಂದು ಮೂಲ ಇದೆ: 2003ರಲ್ಲಿ ಬಿಲ್ ಬರ್ ಎಂಬವರು ಅಮೆರಿಕದ ಸರ್ಕಾರಿ ಸಂಸ್ಥೆಗೆ ಬರೆದ ಮಾರ್ಗದರ್ಶಿ. 2017ರಲ್ಲಿ ಅವರೇ ಅದಕ್ಕೆ ವಿಷಾದಪಟ್ಟರು, ಆ ಸಂಸ್ಥೆಯೂ ನಿಯಮ ಬದಲಿಸಿತು. ಉದ್ದವೇ ಮುಖ್ಯ, ಸುಮ್ಮಸುಮ್ಮನೆ ಬದಲಿಸುವುದು ಬೇಡ ಎಂಬುದು ಈಗಿನ ಮಾತು.

ಪಾಸ್‌ವರ್ಡ್ ಮ್ಯಾನೇಜರ್ ಮಾಡುವುದು ಇಷ್ಟೇ. ಪ್ರತಿ ಖಾತೆಗೂ ಉದ್ದನೆಯ, ಬಾಯಿಪಾಠ ಮಾಡಲಾಗದ ಪಾಸ್‌ವರ್ಡನ್ನು ತಾನೇ ಹುಟ್ಟಿಸುತ್ತದೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತದೆ, ಬೇಕಾದಾಗ ತುಂಬಿ ಕೊಡುತ್ತದೆ. ನಾವು ನೆನಪಿಡಬೇಕಾದದ್ದು ಆ ಪೆಟ್ಟಿಗೆಯ ಒಂದು ಪಾಸ್‌ವರ್ಡ್ ಮಾತ್ರ. ಬ್ಯಾಂಕಿನ ಲಾಕರ್ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಲಾಕರ್ ಬ್ಯಾಂಕಿನದೇ, ಆದರೆ ನಮ್ಮ ಕೀಲಿ ಇಲ್ಲದೆ ಬ್ಯಾಂಕಿನವರ ಕೀಲಿಯಿಂದಷ್ಟೇ ಅದು ತೆರೆಯುವುದಿಲ್ಲ. ಬಿಟ್‌ವಾರ್ಡನ್ ಎಂಬುದು ಪುಕ್ಕಟೆ ಸಿಗುತ್ತದೆ. ಕೀಪಾಸ್ ಎಂಬುದು ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ಪೆಟ್ಟಿಗೆ ನಮ್ಮ ಫೋನಿನಲ್ಲೇ ಇರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನದು ಮೊದಲೇ ಇರುತ್ತದೆ.

ಆ ಒಂದು ಪಾಸ್‌ವರ್ಡ್ ಹೇಗಿರಬೇಕು? 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು ಒಂದು ಉಪಾಯ ಕೊಟ್ಟರು. 7,776 ಪದಗಳ ಪಟ್ಟಿ, ಲೂಡೊ ಆಟದ ದಾಳ. ಐದು ಸಲ ದಾಳ ಉರುಳಿಸಿದರೆ ಒಂದು ಪದ. ಹಾಗೆ ಐದು ಪದ ತೆಗೆದರೆ ಒಟ್ಟು ಸಾಧ್ಯತೆ ಸುಮಾರು 2.8 ಲಕ್ಷ ಕೋಟಿ ಕೋಟಿ (ಕ್ಯಾಲ್ಕುಲೇಟರ್ ಕೈಕೊಟ್ಟಿತು, ಕಾಗದದ ಮೇಲೆ ಮಾಡಿದೆ). ಮೇಲಾಗಿ ಈ ಮ್ಯಾನೇಜರ್‌ಗಳು ಆ ಪಾಸ್‌ವರ್ಡನ್ನು ಗಿರಣಿಗೆ ಲಕ್ಷಗಟ್ಟಲೆ ಸಲ ಹಾಕುತ್ತವೆ, ಹೀಗಾಗಿ ಕಳ್ಳನ ಪ್ರತಿ ಊಹೆಗೂ ಅಷ್ಟೇ ಹೊತ್ತು ಹಿಡಿಯುತ್ತದೆ. ಇಂಗ್ಲಿಷ್ ಪಟ್ಟಿ ಬೇಡವಾದರೆ ಗ್ರಂಥಾಲಯದ ದಪ್ಪ ನಿಘಂಟನ್ನು ಕಣ್ಣುಮುಚ್ಚಿ ಐದು ಕಡೆ ತೆರೆದು ಬೆರಳಿಟ್ಟ ಪದ ತೆಗೆದುಕೊಳ್ಳಿ. ಗುದ್ದಲಿ, ಚಮಚ, ಹುಣಸೆ, ದರ್ಜಿ, ಮಂಜು. ನಗು ಬರುವಂತಿದ್ದರೆ ಮರೆಯುವುದಿಲ್ಲ. ಚಂದ ಇಲ್ಲ ಎಂದು ಪದ ಬದಲಿಸಬೇಡಿ, ಇಷ್ಟದ ಶೇರ್ ಅಥವಾ ವಚನದ ಸಾಲು ಇಡಬೇಡಿ, ಅದು ಪುಸ್ತಕದಲ್ಲಿ ಇದ್ದೇ ಇರುತ್ತದೆ. ಮತ್ತು ದಯವಿಟ್ಟು ನಾನು ಬರೆದ ಐದು ಪದಗಳನ್ನೇ ಇಡಬೇಡಿ, ಅವು ಈಗ ಅಚ್ಚಾಗಿವೆ.

ಆಕ್ಷೇಪಗಳನ್ನು ನಾನು ಬಹಳ ಕೇಳಿದ್ದೇನೆ. ಎಲ್ಲ ಕೀಲಿ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆಯೇ ಕಳುವಾದರೆ? ಕಳುವಾಗಿದೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ದೊಡ್ಡ ಕಂಪನಿಯಿಂದ ಗ್ರಾಹಕರ ಪೆಟ್ಟಿಗೆಗಳ ನಕಲನ್ನು ಕಳ್ಳರು ಒಯ್ದರು. ಬೀಗ ಹಾಕಿದ ಸ್ಥಿತಿಯಲ್ಲೇ ಒಯ್ದರು, ಆದ್ದರಿಂದ ಮುಖ್ಯ ಪಾಸ್‌ವರ್ಡ್ ದುರ್ಬಲ ಇಟ್ಟವರಿಗೇ ಹೆಚ್ಚಿನ ಭಯ. ಇದನ್ನು ಓದಿದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಬೀಗ ಹಾಕಿದ ಪೆಟ್ಟಿಗೆ ಕಳುವಾಗುವ ಭಯಕ್ಕೆ ಬೀಗವೇ ಇಲ್ಲದ ಡಬ್ಬಿಯಲ್ಲಿ ಚೀಟಿ ಇಡುವುದು ಯಾವ ಲೆಕ್ಕ?

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ ಆಕ್ಷೇಪ ಬೇರೆ. ಮನೆಗೊಂದೇ ಫೋನ್. ಬೆಂಗಳೂರಿನಲ್ಲಿ ಕೂತು ಇಂಥ ಆ್ಯಪ್ ಹೊಗಳುವವರು ಒಬ್ಬರಿಗೊಂದು ಫೋನ್ ಇದೆ ಎಂದುಕೊಂಡೇ ಬರೆಯುತ್ತಾರೆ. ನಮ್ಮಲ್ಲಿ ಅನೇಕ ಹುಡುಗಿಯರಿಗೆ ಸಂಜೆ ಭಾಯಿ ಮನೆಗೆ ಬಂದ ಮೇಲೆ ಅರ್ಧ ಗಂಟೆ ಫೋನ್ ಸಿಗುತ್ತದೆ. ಫೋನಿನ ಪ್ಯಾಟರ್ನ್ ಮನೆಮಂದಿಗೆಲ್ಲ ಗೊತ್ತು, ನಾಲ್ಕನೇ ತರಗತಿಯ ತಮ್ಮನಿಗೂ ಗೊತ್ತು. ಅಂಥ ಫೋನಿನಲ್ಲಿ ಗೂಗಲ್‌ನ ಮ್ಯಾನೇಜರ್ ಇಟ್ಟರೆ ಪ್ಯಾಟರ್ನ್ ಗೊತ್ತಿದ್ದವರಿಗೆಲ್ಲ ಪೆಟ್ಟಿಗೆ ತೆರೆದಂತೆಯೇ. ಅದಕ್ಕೆ ತನ್ನದೇ ಪ್ರತ್ಯೇಕ ಪಾಸ್‌ವರ್ಡ್ ಕೇಳುವ ಆ್ಯಪ್ ಬೇಕು, ಬೆರಳಚ್ಚಿನಿಂದ ತೆರೆಯುವ ಸೌಲಭ್ಯ ಬಂದ್ ಇಡಬೇಕು. ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಖಾಲಾ ಕೇಳಿದರು, "ಘರ್ ಕೆ ಲೋಗಾಂ ಸೇ ಕೈಕೂ ಛುಪಾನಾ?" ಮನೆಯವರಿಂದ ಯಾಕೆ ಮುಚ್ಚಿಡುವುದು ಎಂದು. ಉತ್ತರ ಅವರ ಕಪಾಟಿನಲ್ಲೇ ಇತ್ತು. ನೆರೆಮನೆಯವರು ಊರಿಗೆ ಹೋಗುವಾಗ ಕೊಟ್ಟುಹೋದ ಗಂಟನ್ನು ಖಾಲಾ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ, ಖಾಲೂಗೂ ಬಿಚ್ಚಲು ಕೊಡುವುದಿಲ್ಲ. ಅಮಾನತ್ ಅನ್ನುತ್ತಾರೆ. (ಇದೇ ಪದ ಕನ್ನಡ ಪತ್ರಿಕೆಗೆ ಬಂದರೆ ನೌಕರನನ್ನು ಕೆಲಸದಿಂದ ಇಳಿಸಿ ಕೂರಿಸಿದರು ಎಂದಾಗುತ್ತದೆ, ಎರಡು ಭಾಷೆಯ ನಡುವೆ ಬೆಳೆದವರಿಗೆ ಇಂಥ ತಮಾಷೆ ದಿನವೂ ಸಿಗುತ್ತದೆ.) ಖಾಲೂ ಮೇಲೆ ಅವರಿಗೆ ನಂಬಿಕೆ ಇಲ್ಲವೆಂದು ಯಾರೂ ಅನ್ನುವುದಿಲ್ಲ. ನನ್ನ ಅಂಕ, ನನ್ನ ಅರ್ಜಿ, ಗೆಳತಿಯರ ಜೊತೆಗಿನ ನನ್ನ ಮಾತು ನನ್ನ ಸುಪರ್ದಿಯಲ್ಲಿ ಇರಲಿ ಎಂದರೆ ಭಾಯಿಯನ್ನು ಅನುಮಾನಿಸಿದಂತೆ ಯಾಕೆ ಆಗಬೇಕು?

ಫೋನೇ ಇಲ್ಲದವರಿಗೆ ನೋಟ್‌ಬುಕ್ಕೇ ಸರಿ. ಇದನ್ನು ಕೇಳಿ ಕಂಪ್ಯೂಟರ್ ಓದುವ ಹುಡುಗರು ಹೌಹಾರುತ್ತಾರೆ. ಆದರೆ ಬ್ರೂಸ್ ಶ್ನಾಯರ್ ಎಂಬ ಹೆಸರಾಂತ ಭದ್ರತಾ ತಜ್ಞರು 2005ರಲ್ಲೇ ಪಾಸ್‌ವರ್ಡ್ ಕಾಗದದಲ್ಲಿ ಬರೆದು ಪಾಕೀಟಿನಲ್ಲಿ ಇಡಿ ಎಂದಿದ್ದರು. ಬೆಲೆಬಾಳುವ ಸಣ್ಣ ಕಾಗದಗಳನ್ನು ಜೋಪಾನ ಮಾಡುವುದು ನಮಗೆ ಗೊತ್ತೇ ಇದೆ. ರೇಷನ್ ಕಾರ್ಡು, ಮನೆಯ ಕಾಗದಪತ್ರ ಇರುವ ಟ್ರಂಕಿನಲ್ಲಿ ಒಂದು ನೋಟ್‌ಬುಕ್, ಅದರಲ್ಲಿ ಪ್ರತಿ ಖಾತೆಗೂ ಬೇರೆ ಬೇರೆ ಉದ್ದ ಪಾಸ್‌ವರ್ಡ್. ಟ್ರಂಕಿನಿಂದ ಅದನ್ನು ಕದಿಯಲು ಕಳ್ಳ ಯರಗಟ್ಟಿಗೇ ಬರಬೇಕು. ಮ್ಯಾನೇಜರ್ ಬಳಸುವವರೂ ಅದರ ಮುಖ್ಯ ಪಾಸ್‌ವರ್ಡನ್ನು ಹೀಗೆ ಒಂದು ಕಡೆ ಬರೆದಿಡಲೇಬೇಕು. ಅದನ್ನು ಮರೆತರೆ ಕಂಪನಿಯವರೂ ತೆರೆದು ಕೊಡಲಾರರು.

ಅಂಗಡಿಗೆ ಹೋಗುವುದನ್ನೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಸ್ಕ್ಯಾನರ್, ಪ್ರಿಂಟರ್ ಅವರಲ್ಲೇ ಇದೆ. ಪಾಸ್‌ವರ್ಡ್ ನಾವು ಒತ್ತಬೇಕು, ಅವರು ಆ ಕಡೆ ನೋಡಬೇಕು. ಬ್ರೌಸರ್ 'ಪಾಸ್‌ವರ್ಡ್ ಉಳಿಸಲೇ' ಎಂದು ಕೇಳಿದಾಗ ಬೇಡ ಎನ್ನಬೇಕು, ಏಳುವ ಮೊದಲು ಲಾಗ್‌ಔಟ್ ಆಗಬೇಕು. ನೋಂದಾಯಿಸುವ ನಂಬರು ನಮ್ಮ ಮನೆಯದೇ ಇರಬೇಕು, ಸೆಟ್ ಕೀಪ್ಯಾಡ್ ಆದರೂ ಒಟಿಪಿ ಬರುತ್ತದೆ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ವಾಣಿಜ್ಯ ವಿಭಾಗದವರಿಗೆ ಇದರಲ್ಲಿ ಇನ್ನೂ ಹೆಚ್ಚಿನ ಜವಾಬ್ದಾರಿ ಇದೆ. ಮುಂದಿನ ವರ್ಷ ಬಿ.ಕಾಂ.ಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಾಲೇಜಿಗೆ ಸೇರಿದರೆ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲ ಯುಯುಸಿಎಂಎಸ್ ಖಾತೆಯಲ್ಲಿ. ಅದಾದ ಮೇಲೆ ನಮ್ಮಲ್ಲಿ ಹಲವರು ಲೆಕ್ಕ ಬರೆಯುವ ಕೆಲಸಕ್ಕೇ ಹೋಗುತ್ತೇವೆ. ಜಿಎಸ್‌ಟಿ, ಆದಾಯ ತೆರಿಗೆ ಪೋರ್ಟಲ್‌ಗಳ ಪಾಸ್‌ವರ್ಡನ್ನು ವ್ಯಾಪಾರಿಗಳು ನಮ್ಮ ಕೈಗೆ ಕೊಡುತ್ತಾರೆ. ಆಗ ಡಬ್ಬಿ ಇಟ್ಟುಕೊಂಡವರು ನಾವೇ ಆಗಿರುತ್ತೇವೆ. ಹತ್ತಾರು ಅಂಗಡಿಗಳ ಪಾಸ್‌ವರ್ಡನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದು ಡೆಸ್ಕ್‌ಟಾಪ್ ಮೇಲೆ ಇಡುವ ಗುಮಾಸ್ತರಾಗಬೇಕೋ ಬೇಡವೋ ಎಂಬುದು ಈಗಿನ ಅಭ್ಯಾಸದಿಂದಲೇ ತೀರ್ಮಾನವಾಗುತ್ತದೆ.

ಎಸ್‌ಎಸ್‌ಪಿ ಅರ್ಜಿ ಶುರುವಾಗುವ ಮೊದಲು ಒಂದು ಶನಿವಾರ ಮಧ್ಯಾಹ್ನ ನಮ್ಮ ಕಂಪ್ಯೂಟರ್ ಲ್ಯಾಬನ್ನು ಇದಕ್ಕೆ ಬಿಟ್ಟುಕೊಡಿ ಎಂದು ಪ್ರಾಚಾರ್ಯರಿಗೆ ಕೆಲವು ಸಹಪಾಠಿಗಳ ಜೊತೆ ಸಹಿ ಹಾಕಿ ಮನವಿ ಕೊಟ್ಟಿದ್ದೇನೆ. ಹಳೆಯ ಪಾಸ್‌ವರ್ಡ್ ಬದಲಿಸುವುದು, ನಂಬರು ಸರಿಪಡಿಸುವುದು, ಮ್ಯಾನೇಜರ್ ಹಾಕಿಕೊಳ್ಳುವುದು, ಒಬ್ಬರಿಗೆ ಇಪ್ಪತ್ತು ನಿಮಿಷ ಸಾಕು. ಲ್ಯಾಬ್ ಸರ್ ಕರೆಂಟ್ ಇದ್ದರೆ ಆಗಬಹುದು ಎಂದಿದ್ದಾರೆ. ಹುಡುಗಿಯರಿಗೆ ಬೇರೆ ಸಮಯ ಬೇಕೆಂದು ಕೆಲವರು ಕೇಳಿದ್ದಾರೆ, ಅದನ್ನೂ ಮನವಿಯಲ್ಲಿ ಸೇರಿಸಿದ್ದೇವೆ. ಬರುವವರು ಆಧಾರ್ ನಂಬರು, ನೋಂದಾಯಿಸಿದ ಸಿಮ್ ಇರುವ ಫೋನು, ಒಂದು ಹೊಸ ನೋಟ್‌ಬುಕ್ ತರಬೇಕು. ಲೂಡೊ ದಾಳ ನಾನು ತರುತ್ತೇನೆ.